ಹಳೆ ಸ್ಟ್ರೋಬ್, ಹೊಸ ಹೌಸಿಂಗ್: ಎರಡನ್ನೂ ಕೂಡಿಸುವ ಬಗೆ

ನೀರಿನಡಿ ಫೋಟೊ ತೆಗೆಯುವ ಕ್ಯಾಮೆರಾ, ಅದನ್ನು ನೀರಿನಿಂದ ಕಾಯುವ ಪೆಟ್ಟಿಗೆ ಅಂದರೆ ಹೌಸಿಂಗ್, ಎರಡೂ ಹೊಸದಾದವು ಎಂದು ಇನ್ನೂ ಚೆನ್ನಾಗಿ ಬೆಳಗುವ ಸ್ಟ್ರೋಬನ್ನು (ಹೊರಗೆ ಜೋಡಿಸುವ ನೀರಿನಡಿಯ ಫ್ಲ್ಯಾಶ್) ಮೂಲೆಗೆ ಹಾಕಬೇಡಿ. ಕ್ಯಾಮೆರಾ ಯಾವ ಕಂಪನಿಯದು, ಯಾವ ವರ್ಷದ್ದು ಎಂಬುದು ಸ್ಟ್ರೋಬಿಗೆ ಬೇಕಿಲ್ಲ. ಶಟರ್ ಪೂರ್ತಿ ತೆರೆದ ಗಳಿಗೆಯಲ್ಲಿ ಒಂದು ಸಂಕೇತ ಬಂದರೆ ಸಾಕು. ಜೋಡಣೆಯ ಹೆಚ್ಚಿನ ತಾಪತ್ರಯ ಆ ಸಂಕೇತ ಬಾರದ್ದರಿಂದ, ಇಲ್ಲವೇ ಮೊದಲೇ ಬಂದದ್ದರಿಂದ ಹುಟ್ಟುತ್ತದೆ.

ಮೊದಲು ಸ್ಟ್ರೋಬಿನಲ್ಲಿ ಬೆಳಕು ಗ್ರಹಿಸುವ ಸೆನ್ಸರ್ ಕಿಟಕಿ ಇದೆಯೇ ನೋಡಿ. ಇದ್ದರೆ ಬೆಳಕನ್ನು ಸಾಗಿಸುವ ಫೈಬರ್ ಕೇಬಲ್ ಹಾದಿ ಹಿಡಿಯಿರಿ. ಬರೀ ಸಿಂಕ್ ಕಾರ್ಡ್ (ಸಂಕೇತ ಒಯ್ಯುವ ವಿದ್ಯುತ್ ತಂತಿ) ಸಾಕೆಟ್ ಇದ್ದರೆ ಹೌಸಿಂಗಿನಲ್ಲೂ ಅದೇ ಬಗೆಯ ಸಾಕೆಟ್ ಬೇಕು. ನಿಕೊನೋಸ್ 5-ಪಿನ್ ಮತ್ತು ಐಕ್‌ಲೈಟ್ ಕಾರ್ಡ್‌ಗಳು ಒಂದಕ್ಕೊಂದು ಹೊಂದುವುದಿಲ್ಲ. ಜೊತೆಗೆ ಕಾರ್ಡಿನೊಳಗೆ ಒಂದು ಹನಿ ಉಪ್ಪುನೀರು ಹೋದರೂ ಪಿನ್ ಹಸಿರುಗಟ್ಟುತ್ತದೆ. ಆಯ್ಕೆ ಇದ್ದರೆ ನಮ್ಮ ಮತ ಫೈಬರ್‌ಗೇ.

ಫೈಬರ್‌ಗೆ ಬೆಳಕು ಕೊಡಲು ಕ್ಯಾಮೆರಾದಲ್ಲೇ ಸಣ್ಣ ಫ್ಲ್ಯಾಶ್ ಇರಬೇಕು. ಸೋನಿ ಎ7, ಕ್ಯಾನನ್ ಆರ್5ನಂಥ ಫುಲ್‌ಫ್ರೇಮ್ ಮಿರರ್‌ಲೆಸ್‌ಗಳಲ್ಲಿ ಅದಿಲ್ಲ. ಅವಕ್ಕೆ ಹಾಟ್‌ಶೂ (ಕ್ಯಾಮೆರಾ ನೆತ್ತಿಯ ಫ್ಲ್ಯಾಶ್ ಕೊಂಡಿ) ಮೇಲೆ ಕೂರುವ ಎಲ್‌ಇಡಿ ಟ್ರಿಗರ್ ಬೇಕು. ನಿಮ್ಮ ಹೌಸಿಂಗ್ ಮಾದರಿಗೆಂದೇ ಮಾಡಿದ್ದನ್ನು ಕೊಳ್ಳಿ, ಇಲ್ಲದಿದ್ದರೆ ಮುಚ್ಚಳ ಕೂರುವುದಿಲ್ಲ. ಬಹಳಷ್ಟು ಟ್ರಿಗರ್‌ಗಳು ಸಿಆರ್2032 ಬಟನ್ ಸೆಲ್ ಮೇಲೆ ಓಡುತ್ತವೆ; ಬಿಡಿ ಸೆಲ್ ಜೊತೆಗಿರಲಿ.

ಇನ್ನು ಪ್ರೀ-ಫ್ಲ್ಯಾಶ್. ಹೆಚ್ಚು ಜನ ಎಡವುವುದು ಇಲ್ಲೇ. ಟಿಟಿಎಲ್‌ನಲ್ಲಿ, ಅಂದರೆ ಫ್ಲ್ಯಾಶ್ ಬೆಳಕನ್ನು ಕ್ಯಾಮೆರಾ ತಾನೇ ಅಳೆದು ಹೊಂದಿಸುವ ಮೋಡ್‌ನಲ್ಲಿ, ಕ್ಯಾಮೆರಾ ಅಳತೆಗೆಂದು ಮೊದಲೊಮ್ಮೆ ಮಿಂಚಿ, ಆಮೇಲೆ ಚಿತ್ರಕ್ಕಾಗಿ ಮಿಂಚುತ್ತದೆ. ಹಳೆ ಸ್ಟ್ರೋಬ್ ಮೊದಲ ಮಿಂಚಿಗೇ ಪೂರ್ತಿ ಖಾಲಿಯಾದರೆ, ಶಟರ್ ತೆರೆದಾಗ ಕೊಡಲು ಅದರ ಬಳಿ ಬೆಳಕಿಲ್ಲ. ಸ್ಟ್ರೋಬ್ ಮಿಂಚಿದ್ದು ಕಣ್ಣಿಗೆ ಕಾಣುತ್ತದೆ, ಚಿತ್ರ ಮಾತ್ರ ಕಪ್ಪು. ಮದ್ದು ಎರಡು. ಕ್ಯಾನನ್ ಜಿ7ಎಕ್ಸ್‌ನಂತೆ ಮ್ಯಾನ್ಯುಯಲ್ ಫ್ಲ್ಯಾಶ್ ಇದ್ದರೆ ಅದನ್ನು ಆಯ್ದುಕೊಂಡು, ಶಕ್ತಿ ಕನಿಷ್ಠಕ್ಕೆ ಇಳಿಸಿ. ಪ್ರೀ-ಫ್ಲ್ಯಾಶೂ ನಿಲ್ಲುತ್ತದೆ, ಕ್ಯಾಮೆರಾದ ಫ್ಲ್ಯಾಶ್ ಬೇಗ ಮರುಚಾರ್ಜ್ ಆಗುತ್ತದೆ. ಆ ಸೌಲಭ್ಯ ಇಲ್ಲದಿದ್ದರೆ ಸ್ಟ್ರೋಬಿನಲ್ಲೇ ಪ್ರೀ-ಫ್ಲ್ಯಾಶ್ ಲೆಕ್ಕಕ್ಕಿಡದ ಮೋಡ್ ಹುಡುಕಿ. ಇನಾನ್ ಜೆಡ್-240 ಸ್ಟ್ರೋಬಿನಲ್ಲಿ ಹಿಂಬದಿಯ ಚಿಕ್ಕ ಮ್ಯಾಗ್ನೆಟ್ ಇರುವುದು, ತೆಗೆಯುವುದರ ಮೇಲೆ ವರ್ತನೆ ಬದಲಾಗುತ್ತದೆ. ಎರಡೂ ರೀತಿ ಪರೀಕ್ಷಿಸಿ.

ಶಟರನ್ನು 1/125 ಸೆಕೆಂಡಿಗೆ ಇಟ್ಟು ಆರಂಭಿಸಿ. ಸಿಂಕ್ ವೇಗ (ಫ್ಲ್ಯಾಶಿನ ಜೊತೆ ಹೊಂದುವ ಶಟರಿನ ಗರಿಷ್ಠ ವೇಗ) ಮೀರಿದರೆ ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಬರುತ್ತದೆ. ಸೈಲೆಂಟ್ ಶಟರ್, ಹೈ-ಸ್ಪೀಡ್ ಸಿಂಕ್ ಎರಡನ್ನೂ ಆಫ್ ಮಾಡಿಬಿಡಿ. ಸ್ಕ್ರೀನ್ ತೀರಾ ಕಪ್ಪಾಗಿ ಕಂಡರೆ ಎಕ್ಸ್‌ಪೋಷರ್ ಪ್ರಿವ್ಯೂ (ಚಿತ್ರ ಎಷ್ಟು ಬೆಳಗುವುದೆಂದು ಸ್ಕ್ರೀನಿನಲ್ಲಿ ಮೊದಲೇ ತೋರಿಸುವುದು) ನಿಲ್ಲಿಸಿ.

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ಎಲ್‌ಇಡಿ ಟ್ರಿಗರಿನ ಬೆಳಕನ್ನು ಹಳೆ ಸೆನ್ಸರ್ ಹಿಡಿಯದಿದ್ದರೆ ಹಲವು ಎಳೆಗಳ ಫೈಬರ್ ತೆಗೆದುಕೊಳ್ಳಿ. ಅದು ಬಳುಕಿದರೂ ಬೆಳಕು ಸೋರದು. ತುದಿಯನ್ನು ಬೆಳಕಿನತ್ತ ಹಿಡಿದು ನೋಡಿ: ಇನ್ನೊಂದು ತುದಿ ಗಾಜಿನ ಚುಕ್ಕೆಯಂತೆ ಹೊಳೆಯಬೇಕು. ಮಂಜಾಗಿದ್ದರೆ ಹೊಸ ಬ್ಲೇಡಿನಿಂದ ನೇರ ಕತ್ತರಿಸಿ, ನುಣುಪು ಮರಳುಕಾಗದದ ಮೇಲೆ ಉಜ್ಜಿ. ಸೀ&ಸೀ ಕಂಪನಿಯ ಪ್ಲಗ್ ಒಂದು ಬಗೆ, ಇನಾನ್ ಪ್ಲಗ್ ಇನ್ನೊಂದು ಬಗೆ; ಸ್ಟ್ರೋಬ್ ಮತ್ತು ಹೌಸಿಂಗ್ ಎರಡೂ ತುದಿಗೆ ಏನು ಬೇಕೆಂದು ಮೊದಲೇ ಅಳೆದುಕೊಳ್ಳಿ. ಸ್ಟ್ರೋಬನ್ನು ಹಿಡಿಯುವ ತೋಳಿನ ತುದಿಯ ಗೋಲಿ ಸಾಮಾನ್ಯವಾಗಿ 1 ಇಂಚು. ಹಳೆ ಸ್ಟ್ರೋಬಿಗೆ ಅಡಾಪ್ಟರ್ ಬೇಕಾಗಬಹುದು.

ಎಲ್ಲವನ್ನೂ ಮನೆಯಲ್ಲೇ, ಕತ್ತಲ ಕೋಣೆಯಲ್ಲಿ ಪರೀಕ್ಷಿಸಿ. ಗೋಡೆಯಿಂದ ಒಂದು ಮೀಟರ್ ದೂರ ನಿಂತು, ಐಎಸ್‌ಒ 200, ಎಫ್/8ಕ್ಕೆ ಇಟ್ಟು, ಸ್ಟ್ರೋಬ್ ಕಾಲು ಶಕ್ತಿಯಲ್ಲಿ ಒಂದು, ಪೂರ್ತಿ ಶಕ್ತಿಯಲ್ಲಿ ಒಂದು ತೆಗೆಯಿರಿ. ಎರಡೂ ಒಂದೇ ತರ ಕಪ್ಪಾಗಿದ್ದರೆ ಸಿಂಕ್ ಇಲ್ಲ. ಎರಡನೆಯದು ಬೆಳ್ಳಗಾದರೆ ಜೋಡಣೆ ಸರಿ.

ಬಹಳ ದಿನ ಮಲಗಿದ್ದ ಸ್ಟ್ರೋಬಿನಲ್ಲಿ ವಿದ್ಯುತ್ ಕೂಡಿಡುವ ಕೆಪಾಸಿಟರ್ ಸೊರಗಿರುತ್ತದೆ. ಒಂದೇ ಬಗೆಯ, ಪೂರ್ತಿ ಚಾರ್ಜ್ ಆದ ಎನ್‌ಐಎಂಎಚ್ (ಮರುಚಾರ್ಜ್ ಮಾಡಬಲ್ಲ) ಸೆಲ್ ಹಾಕಿ, ರೆಡಿ ದೀಪ ಬಂದ ಮೇಲೂ ಸ್ವಲ್ಪ ಹೊತ್ತು ಬಿಟ್ಟು, ನಡುವೆ ಬಿಡುವು ಕೊಟ್ಟು ಕೆಲವು ಸಲ ಮಿಂಚಿಸಿ. ಬ್ಯಾಟರಿ ಮುಚ್ಚಳದಲ್ಲಿ ನೀರು ತಡೆಯುವ ಬಳೆ, ಓ-ರಿಂಗ್, ಬದಲಿಸಿ. ತಯಾರಕರು ಹೇಳಿದ ಗ್ರೀಸನ್ನೇ ಹಚ್ಚಿ. ತಪ್ಪು ಗ್ರೀಸಿಗೆ ಕೆಲವು ಓ-ರಿಂಗ್ ಉಬ್ಬುತ್ತವೆ. ಮೊದಲ ಡೈವ್‌ಗೆ ಸೆಲ್ ಇಲ್ಲದ ಸ್ಟ್ರೋಬನ್ನು ಕೆಳಗೊಯ್ದು, ಮೇಲೆ ಬಂದು ಒಳಗೆ ತೇವ ನೋಡಿ.

ಗೋವಾದ ಗ್ರಾಂಡ್ ದ್ವೀಪದ ಸುತ್ತ ನೀರು ಹೆಚ್ಚಾಗಿ ಕಲಕಿರುತ್ತದೆ. ವಾಸ್ಕೋ ಕಡೆಯಿಂದ ಅಲ್ಲಿಗೆ ಇಳಿಯುವವರು ಹೌಸಿಂಗ್ ಮುಂಭಾಗದ ಫ್ಲ್ಯಾಶ್ ಕಿಟಕಿಯನ್ನು ಕಪ್ಪು ಟೇಪಿನಿಂದ ಮುಚ್ಚಲಿ. ಆ ಬೆಳಕು ಹೊರಬಿದ್ದರೆ ಲೆನ್ಸಿನ ಮುಂದಿನ ಕಣಗಳೆಲ್ಲ ಬಿಳಿ ಚುಕ್ಕೆಗಳಾಗುತ್ತವೆ. ಸ್ಟ್ರೋಬನ್ನು ಲೆನ್ಸಿನಿಂದ ದೂರ, ಕೊಂಚ ಹೊರಮುಖವಾಗಿ ತಿರುಗಿಸಿ. ವಸ್ತು ಅರ್ಧ ಮೀಟರಿನೊಳಗಿರಲಿ. ಬಿಸಿಲು ನೇರ ಬೀಳುವ ಕಡಿಮೆ ಆಳದಲ್ಲಿ ಸ್ಟ್ರೋಬ್ ಆಗಾಗ ಮಿಂಚು ತಪ್ಪಿಸಿದರೆ, ಸ್ಟ್ರೋಬಿನಲ್ಲಿ ಫೈಬರ್ ಸೇರುವ ಸೆನ್ಸರ್ ಕಿಟಕಿಯ ಸುತ್ತಲೂ ಅದೇ ಕಪ್ಪು ಟೇಪ್ ಒಂದು ಸುತ್ತು ಹಾಕಿ.