53 ಕೋಟಿಯ ಸಂಖ್ಯೆಯನ್ನು ಕೈಲೆಕ್ಕದಲ್ಲಿ ಒಡೆದದ್ದು

ವಿಜಯಪುರದಲ್ಲಿ ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಮರ್ಸೆನ್ ಸಂಖ್ಯೆಗಳ ಮಾತು ಬಂದಿತ್ತು. 2ರ ಘಾತ 2, 3, 5, 7 ಇಟ್ಟು 1 ಕಳೆದರೆ 3, 7, 31, 127, ಎಲ್ಲವೂ ಅವಿಭಾಜ್ಯ. ಘಾತ 11 ಇಟ್ಟರೆ ಕೆಡುತ್ತದೆ: 2047 ಅಂದರೆ 23 × 89. "ಹಂಗಾದ್ರ 29ಕ್ಕ ಏನ್ ಆಗ್ತದ್ರೀ ಸರ್?" ಎಂದಳು ಒಬ್ಬಳು. ಮೊಬೈಲ್ ಮುಟ್ಟಬಾರದೆಂಬ ಷರತ್ತಿನ ಮೇಲೆ ಕೂತೆವು.

2²⁹ − 1 ಅಂದರೆ 53,68,70,911. 3, 5, 7 ಎಂದು ಸಾಲಾಗಿ ಭಾಗಿಸುತ್ತ ಹೋಗಬಹುದು, ಆದರೆ 1103ರವರೆಗೇ 185 ಅವಿಭಾಜ್ಯಗಳಿವೆ. ಜ್ವಾಳ ಹಸನ ಮಾಡಿದಂಗ ಮೊದಲು ಇವನ್ನು ಹಸನ ಮಾಡಬೇಕು.

'ಪ' ಎಂಬ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎನ್ನೋಣ. ಆಗ 2²⁹ನ್ನು 'ಪ'ದಿಂದ ಭಾಗಿಸಿದರೆ ಶೇಷ 1. ಶೇಷ 1 ಮೊದಲ ಸಲ ಬರುವ ಘಾತ ಯಾವುದೋ ಅದು 29ನ್ನು ಭಾಗಿಸಲೇಬೇಕು; 29 ಅವಿಭಾಜ್ಯ, ಘಾತ 1ಕ್ಕೆ ಶೇಷ 1 ಬರುವಂತಿಲ್ಲ, ಹಾಗಾಗಿ ಅದು 29. ಫರ್ಮಾನ ಕಿರು ಪ್ರಮೇಯದಂತೆ ಘಾತ ಪ−1 ಇದ್ದಾಗಲೂ ಶೇಷ 1. ಅಂದಮೇಲೆ ಪ−1 ಎಂಬುದು 29ರ ಅಪವರ್ತ್ಯ. 'ಪ' ಬೆಸ ಆದ್ದರಿಂದ 58ರ ಅಪವರ್ತ್ಯವೂ ಹೌದು.

ಇನ್ನೊಂದು ಜರಡಿ ನನಗೆ ಇದಕ್ಕಿಂತ ಇಷ್ಟ. 2³⁰ಕ್ಕೆ ಶೇಷ 2. 2³⁰ ಅಂದರೆ 2¹⁵ರ ವರ್ಗ. ಹೀಗೆ ಯಾವುದೋ ವರ್ಗಕ್ಕೆ ಶೇಷ 2 ಬರಬೇಕಾದರೆ 'ಪ'ವನ್ನು 8ರಿಂದ ಭಾಗಿಸಿದಾಗ 1 ಇಲ್ಲವೇ 7 ಉಳಿಯಬೇಕು. ಇದರ ಸಾಧನೆ ಪಿಯುಸಿಗೆ ಭಾರ, ಸದ್ಯಕ್ಕೆ ನಂಬ್ರಿ ಅಂದೆ.

ಎರಡೂ ಜರಡಿ ದಾಟಿ 1103ರವರೆಗೆ ಉಳಿದವು 175, 233, 407, 465, 639, 697, 871, 929, 1103. ಅವಿಭಾಜ್ಯಗಳು ಮೂರೇ: 233, 929, 1103.

ಒಂಬತ್ತಂಕಿಯ ಸಂಖ್ಯೆಯನ್ನು ಭಾಗಿಸುವ ಗೋಜೂ ಬೇಡ, ಶೇಷಗಳನ್ನೇ ಗುಣಿಸಿದರೆ ಸಾಕು. 233ರ ಲೆಕ್ಕದಲ್ಲಿ 2⁸ ಅಂದರೆ 256, ಶೇಷ 23. 2¹⁶ಕ್ಕೆ 23ರ ವರ್ಗ 529, ಶೇಷ 63. 2²⁴ಕ್ಕೆ 63 × 23 = 1449, ಶೇಷ 51. ಕೊನೆಗೆ 51 × 32 = 1632, ಶೇಷ 1! 929ಕ್ಕೆ 883 ಉಳಿಯಿತು, ಕೈಬಿಟ್ಟೆವು. 1103ಕ್ಕೆ ಮತ್ತೆ 1. 233 × 1103 = 2,56,999; ಅದರಿಂದ ಭಾಗಿಸಿದರೆ 2089. ಅದನ್ನೂ ಒಡೆಯಬೇಕಾದರೆ 46ಕ್ಕಿಂತ ಚಿಕ್ಕ ಭಾಜಕ ಬೇಕು, ನಮ್ಮ ಜರಡಿಯಲ್ಲಿ ಅಂಥದ್ದು ಒಂದೂ ಇಲ್ಲ. ಅಲ್ಲಿಗೆ 2089 ಅವಿಭಾಜ್ಯ.

1772ರಲ್ಲಿ ಆಯ್ಲರ್ 2³¹ − 1 ಅವಿಭಾಜ್ಯವೆಂದು ತೋರಿಸಿದ್ದೂ ಇದೇ ಜರಡಿಗಳಿಂದ, 46,339ರವರೆಗೆ ಹೋಗಿ.

ಮನೆಗೆಲಸಕ್ಕೆ 37 ಕೊಟ್ಟೆ. 223 ಮರುದಿನವೇ ಸಿಕ್ಕಿತು. ಉಳಿದ 61,63,18,177 ಅವಿಭಾಜ್ಯವೆಂದು ತೋರಿಸಲು 24,825ರವರೆಗೆ ಹೋಗಬೇಕು. ಅದಕ್ಕೆ ಮಾತ್ರ ಮೊಬೈಲ್ ತೆಗೀರಿ ಅಂದೆ.