ಚೀನಾದ ಮನೆಯಡುಗೆ: ನೀರಿನ ಅಳತೆ, ಉರಿಯ ಹದ

ಚೀನೀ ಅಡುಗೆ ಎಂದೊಡನೆ ದೊಡ್ಡ ಉರಿಯ ಮೇಲೆ ಕುಣಿಯುವ ಬಾಣಲೆಯೂ ಸಾಲಾಗಿ ನಿಂತ ಸಾಸ್ ಬಾಟಲಿಗಳೂ ಕಣ್ಣ ಮುಂದೆ ಬರುತ್ತವೆ. ಅದು ಹೋಟೆಲಿನ ಅಡುಗೆ. ಚೀನಾದ ಮನೆಗಳಲ್ಲಿ ಮೈಗೆ ಹುಷಾರಿಲ್ಲದಾಗ ಅಥವಾ ದಣಿದು ಬಂದ ರಾತ್ರಿಯಲ್ಲಿ ಮಾಡಿಕೊಳ್ಳುವ ಅಡುಗೆಗೆ ಐದಾರು ಸಾಮಾನು ಸಾಕಾಗುತ್ತದೆ. ಅಲ್ಲಿ ರುಚಿಯೆಲ್ಲ ನಿಂತಿರುವುದು ನೀರಿನ ಅಳತೆ ಮತ್ತು ಉರಿಯ ಹದದ ಮೇಲೆ. ಇವೆರಡನ್ನು ಹಿಡಿದರೆ ಕೆಳಗಿನ ಯಾವ ತಿನಿಸೂ ಕೈಕೊಡುವುದಿಲ್ಲ, ಕೊನೆಯದೊಂದನ್ನು ಬಿಟ್ಟು.

ಟೊಮೆಟೊ ಮೊಟ್ಟೆ

ಚೀನಾದಲ್ಲಿ ಬಹಳ ಮಂದಿ ಮೊದಲು ಕಲಿಯುವ ಅಡುಗೆಯೇ ಇದು. ಟೊಮೆಟೊ ಅಮೆರಿಕ ಖಂಡದಿಂದ ಅಲ್ಲಿಗೆ ಬಂದ ಹಣ್ಣಾದುದರಿಂದ ಅದರ ಚೀನೀ ಹೆಸರುಗಳಲ್ಲಿ ಒಂದಕ್ಕೆ ‘ಹೊರನಾಡಿನ ಬದನೆ’ ಎಂಬ ಅರ್ಥವಿದೆ. ಇಬ್ಬರಿಗೆ 3 ಮೊಟ್ಟೆ, ಚೆನ್ನಾಗಿ ಹಣ್ಣಾದ 2 ದೊಡ್ಡ ಟೊಮೆಟೊ, 3 ಚಮಚ ಎಣ್ಣೆ, ಉಪ್ಪು, ಅರ್ಧ ಚಮಚ ಸಕ್ಕರೆ ಮತ್ತು ಸ್ವಲ್ಪ ಈರುಳ್ಳಿ ಸೊಪ್ಪು ಬೇಕು.

ಮೊಟ್ಟೆಗೆ ಚಿಟಿಕೆ ಉಪ್ಪು ಹಾಕಿ ಕಡೆಯಿರಿ. ಬಾಣಲೆಯಲ್ಲಿ 2 ಚಮಚ ಎಣ್ಣೆ ಚೆನ್ನಾಗಿ ಕಾದ ಮೇಲೆ ಮೊಟ್ಟೆಯನ್ನು ಸುರಿದು, ಅಂಚು ಉಬ್ಬುತ್ತಿದ್ದಂತೆ ಸೌಟಿನಿಂದ ದೊಡ್ಡ ದೊಡ್ಡ ತುಂಡುಗಳಾಗಿ ಮಗುಚಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಬೇರೆ ತಟ್ಟೆಗೆ ತೆಗೆದಿಡಿ. ಉಳಿದ ಎಣ್ಣೆಯಲ್ಲಿ ಹೆಚ್ಚಿದ ಟೊಮೆಟೊ, ಉಪ್ಪು, ಸಕ್ಕರೆ ಹಾಕಿ, ಹಣ್ಣು ಕರಗಿ ರಸ ಬಿಡುವವರೆಗೆ ನಡು ಉರಿಯಲ್ಲಿ ಬೇಯಿಸಿ. ರಸ ಸಾಲದಿದ್ದರೆ 2 ಚಮಚ ನೀರು ಚಿಮುಕಿಸಬಹುದು. ಅನಂತರ ಮೊಟ್ಟೆಯನ್ನು ಮರಳಿ ಹಾಕಿ ಅರ್ಧ ನಿಮಿಷ ಹೊರಳಿಸಿ, ಸೊಪ್ಪು ಉದುರಿಸಿ ಇಳಿಸಿ. ಮೊಟ್ಟೆ ಮೊದಲೇ ಪೂರ್ತಿ ಬೆಂದಿದ್ದರೆ ಈ ಅರ್ಧ ನಿಮಿಷದಲ್ಲಿ ಗಟ್ಟಿಯಾಗಿ ರಸವನ್ನು ಹೀರಿಕೊಳ್ಳುವುದಿಲ್ಲ. ಸಕ್ಕರೆ ಬೇಕೇ ಬೇಡವೇ ಎಂಬ ವಾದ ಚೀನಾದಲ್ಲೇ ಮುಗಿದಿಲ್ಲ. ಹುಳಿಯನ್ನು ತಗ್ಗಿಸುವಷ್ಟು ಸಕ್ಕರೆ ಬೇಕು, ಸಿಹಿ ಗೊತ್ತಾಗುವಷ್ಟು ಬೇಡ ಎಂಬುದು ನನ್ನ ಅಭಿಪ್ರಾಯ.

ಅಕ್ಕಿ ಗಂಜಿ

ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಗಂಜಿಯಲ್ಲಿ ಅಗುಳು ಒಡೆದು ನೀರಿನೊಂದಿಗೆ ಒಂದಾಗಿ ಕೆನೆಯಂತಾಗಿರಬೇಕು. ಅದೇ ಪ್ರಾಂತ್ಯದ ಪೂರ್ವದಲ್ಲಿರುವ ಚಾವ್‌ಝೌ ಕಡೆಯವರು ಅಗುಳು ಬಿಡಿಬಿಡಿಯಾಗಿ ಕಾಣುವ ತೆಳು ಗಂಜಿಯನ್ನೇ ಮೆಚ್ಚುತ್ತಾರೆ. ಇಲ್ಲಿ ಹೇಳುವುದು ಮೊದಲನೆಯದನ್ನು.

ಅರ್ಧ ಲೋಟ ಅಕ್ಕಿಗೆ 5 ಲೋಟ ನೀರು, ಅಂದರೆ ಒಂದಕ್ಕೆ ಹತ್ತು. ಅಕ್ಕಿಯನ್ನು ತೊಳೆದು, ಒಂದು ಚಮಚ ಎಣ್ಣೆ ಮತ್ತು ಚಿಟಿಕೆ ಉಪ್ಪು ಸವರಿ ಅರ್ಧ ಗಂಟೆ ಬಿಡಿ. ನೀರು ಕುದಿ ಬಂದ ಮೇಲೆಯೇ ಅಕ್ಕಿ ಹಾಕಿ, ಮತ್ತೆ ಕುದಿಯುವವರೆಗೆ ತಳ ಹಿಡಿಯದಂತೆ ತಿರುವಿ. ಆಮೇಲೆ ಉರಿ ಸಣ್ಣ ಮಾಡಿ, ಮುಚ್ಚಳವನ್ನು ಓರೆಯಾಗಿಟ್ಟು ಸುಮಾರು ಒಂದು ಗಂಟೆ ಬೇಯಿಸಬೇಕು. ನಡುನಡುವೆ ಕೈಯಾಡಿಸುತ್ತಿದ್ದರೆ ಅಗುಳಿನ ಪಿಷ್ಟ ನೀರಿಗಿಳಿದು ಗಂಜಿ ನುಣುಪಾಗುತ್ತದೆ. ಗಟ್ಟಿಯಾಯಿತೆನಿಸಿದರೆ ಕುದಿಯುವ ನೀರನ್ನೇ ಸೇರಿಸಿ.

ಒಂದು ಗಂಟೆ ಕಾಯುವ ವ್ಯವಧಾನವಿಲ್ಲದವರಿಗೆ ಒಳ್ಳೆಯ ಉಪಾಯವೊಂದಿದೆ. ತೊಳೆದು ನೆನೆಸಿ ಬಸಿದ ಅಕ್ಕಿಯನ್ನು ರಾತ್ರಿಯೇ ಫ್ರೀಜರ್‌ನಲ್ಲಿಡಿ. ಅಗುಳಿನೊಳಗಿನ ನೀರು ಮಂಜಾಗುವಾಗ ಹಿಗ್ಗಿ ಅಕ್ಕಿಯಲ್ಲಿ ಬಿರುಕು ಮೂಡಿಸುವುದರಿಂದ, ಮರುದಿನ ಅದನ್ನು ನೇರವಾಗಿ ಕುದಿಯುವ ನೀರಿಗೆ ಹಾಕಿದರೆ ಅರ್ಧ ಗಂಟೆಯೊಳಗೆ ಅರಳಿ ಒಡೆಯುತ್ತದೆ. ಬಡಿಸುವಾಗ ಎಳೆಎಳೆಯಾಗಿ ಹೆಚ್ಚಿದ ಶುಂಠಿ, ಬಿಳಿ ಮೆಣಸಿನ ಪುಡಿ, ನಾಲ್ಕು ಹನಿ ಎಳ್ಳೆಣ್ಣೆ ಸಾಕು.

ಹಬೆಯ ಮೊಟ್ಟೆ

ಹಲ್ಲು ಬಾರದ ಮಗುವಿಗೂ ಹಲ್ಲು ಹೋದ ಅಜ್ಜಿಗೂ ಸಲ್ಲುವ ತಿನಿಸು. 2 ಮೊಟ್ಟೆಗಳನ್ನು ನೊರೆಯೇಳದಂತೆ ಮೆಲ್ಲನೆ ಕಲಸಿ, ಮೊಟ್ಟೆಯ ಒಂದೂವರೆ ಪಟ್ಟು ನೀರು ಸೇರಿಸಿ. ಮೊಟ್ಟೆಯ ಖಾಲಿ ಚಿಪ್ಪಿನ ಅರ್ಧ ಭಾಗವನ್ನೇ ಅಳತೆಯಾಗಿ ಬಳಸುವವರೂ ಇದ್ದಾರೆ. ನೀರು ಕುದಿಸಿ ಆರಿಸಿದ್ದಾಗಿರಬೇಕು, ಬೆಚ್ಚಗಿರಬೇಕು: ಕುದಿಸಿದಾಗ ನೀರಿನೊಳಗಿನ ಗಾಳಿ ಹೊರಹೋಗುವುದರಿಂದ ಬೆಂದ ಮೊಟ್ಟೆಯಲ್ಲಿ ತೂತುಗಳು ಕಡಿಮೆಯಾಗುತ್ತವೆ. ಉಪ್ಪು ಹಾಕಿ, ಸಣ್ಣ ಜರಡಿಯಲ್ಲಿ ಸೋಸಿ, ಮೇಲಿನ ಗುಳ್ಳೆಗಳನ್ನು ಚಮಚದಿಂದ ತೆಗೆದು, ಹಬೆಯ ಹನಿ ಬೀಳದಂತೆ ಬಟ್ಟಲಿನ ಮೇಲೊಂದು ತಟ್ಟೆ ಮುಚ್ಚಿ. ಸಣ್ಣ ಉರಿಯ ಹಬೆಯಲ್ಲಿ 10 ನಿಮಿಷ ಬೇಯಿಸಿದ ಬಳಿಕ ಬಟ್ಟಲನ್ನು ಅಲುಗಿಸಿ ನೋಡಿ. ನಡುಭಾಗ ನೀರಿನಂತೆ ತುಳುಕದೆ ಒಟ್ಟಾಗಿ ನಡುಗಿದರೆ ಆಯಿತು. ಜೇನುಗೂಡಿನಂತೆ ತೂತು ಬಿದ್ದಿದ್ದರೆ ಉರಿ ಜೋರಾಗಿತ್ತು ಎಂದೇ ತಿಳಿಯಬೇಕು. ಮೇಲೆ ಒಂದು ಚಮಚ ಸೋಯಾ ಸಾಸ್ ಹರಡಿ ಬಿಸಿಯಾಗಿಯೇ ತಿನ್ನಿ.

ಶುಂಠಿ ಹಾಲು

ಗ್ವಾಂಗ್‌ಝೌ ನಗರದ ಪಾನ್ಯು ಜಿಲ್ಲೆಯ ಶಾವಾನ್ ಪಟ್ಟಣ ಈ ಸಿಹಿಗೆ ಹೆಸರುವಾಸಿ. ಚೀನೀ ಹೆಸರಿನ ಅರ್ಥ ‘ಶುಂಠಿ ರಸಕ್ಕೆ ಡಿಕ್ಕಿ ಹೊಡೆದ ಹಾಲು’ ಎಂದು. ಮಾಡುವ ಬಗೆಯೂ ಅದೇ. ಹೆಪ್ಪಿಲ್ಲ, ಹುಳಿಯಿಲ್ಲ, ಜೆಲಾಟಿನ್ ಇಲ್ಲ, ಆದರೂ ಹಾಲು ಗಟ್ಟಿಯಾಗುತ್ತದೆ. ಹಸಿ ಶುಂಠಿಯಲ್ಲಿರುವ ಒಂದು ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿ ಹೆಪ್ಪುಗಟ್ಟಿಸುವುದೇ ಇದಕ್ಕೆ ಕಾರಣ. ಈ ಕಿಣ್ವ ಚುರುಕಾಗಿರುವುದು ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ; ಹಾಲು ತಣ್ಣಗಿದ್ದರೆ ಅದು ಜಡವಾಗುತ್ತದೆ, ಕುದಿಯುತ್ತಿದ್ದರೆ ಕೆಟ್ಟೇಹೋಗುತ್ತದೆ. ತಪ್ಪುವುದಕ್ಕೆ ಇಲ್ಲಿ ಹೆಚ್ಚು ಅವಕಾಶವಿರುವುದು ಆದ್ದರಿಂದಲೇ.

ಬಲಿತ ಶುಂಠಿಯನ್ನು ತುರಿದು ಹಿಂಡಿ 1 ದೊಡ್ಡ ಚಮಚ ರಸವನ್ನು ಬಟ್ಟಲಿಗೆ ಹಾಕಿ. ರಸ ಆಗಷ್ಟೇ ಹಿಂಡಿದ್ದಾಗಿರಬೇಕು, ಏಕೆಂದರೆ ಇಟ್ಟಷ್ಟೂ ಅದರ ಶಕ್ತಿ ಕುಂದುತ್ತದೆ. ಕೆನೆಭರಿತ ಹಾಲು 200 ಮಿ.ಲೀ. ತೆಗೆದುಕೊಂಡು, 2 ಸಣ್ಣ ಚಮಚ ಸಕ್ಕರೆ ಸೇರಿಸಿ, ಅಂಚಿನಲ್ಲಿ ಸಣ್ಣ ಗುಳ್ಳೆಗಳೇಳುವವರೆಗೆ ಕಾಯಿಸಿ ಇಳಿಸಿ. ಎರಡು ಪಾತ್ರೆಗಳ ನಡುವೆ ನಾಲ್ಕೈದು ಬಾರಿ ಎತ್ತಿ ಹೊಯ್ದರೆ ಅದು 70 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಅಡುಗೆಯ ಥರ್ಮಾಮೀಟರ್ ಇದ್ದವರು ಅದನ್ನೇ ನಂಬುವುದು ಲೇಸು. ಬಟ್ಟಲಿನ ತಳದಲ್ಲಿ ಕೂತ ಶುಂಠಿಯ ಬಿಳಿ ಗಸಿಯನ್ನು ಕದಡಿ, ಹಾಲನ್ನು ಸ್ವಲ್ಪ ಎತ್ತರದಿಂದ ಒಂದೇ ಬಾರಿಗೆ ಸುರಿದುಬಿಡಿ. ಆಮೇಲೆ ಚಮಚ ಆಡಿಸಬಾರದು, ಬಟ್ಟಲನ್ನು ಕದಲಿಸಲೂಬಾರದು. ಹತ್ತು ನಿಮಿಷದ ಬಳಿಕ ಸಣ್ಣ ಚಮಚವೊಂದನ್ನು ಮೇಲೆ ಮಲಗಿಸಿದಾಗ ಅದು ಮುಳುಗದೆ ನಿಂತರೆ ಗೆದ್ದಿರಿ.

ನಿಲ್ಲದೆ ಮುಳುಗಿದರೆ ಅದನ್ನು ಮತ್ತೆ ಕಾಯಿಸಿ ಹೆಪ್ಪುಗಟ್ಟಿಸಲು ಹೊರಡಬೇಡಿ. ಒಡೆದಿಲ್ಲದಿದ್ದರೆ ಬಿಸಿಯಿರುವಾಗಲೇ ಶುಂಠಿ ಹಾಲೆಂದು ಕುಡಿದು, ಹೊಸ ಶುಂಠಿ ತುರಿಯಲು ಕೂತುಕೊಳ್ಳಿ.