ಹಾರ್ಸ್ ಶೋಗೆ ಕೋಟು, ಬೂಟು: ಕಡಿಮೆ ದುಡ್ಡಿನಲ್ಲಿ ಸಜ್ಜಾಗುವುದು ಹೇಗೆ?

ನನ್ನ ತಂಗಿಯ ಮಗ ಮೊದಲ ಸಲ ಪುಣೆಯ ಹಾರ್ಸ್ ಶೋಗೆ, ಅಂದರೆ ಕುದುರೆ ಸವಾರಿಯ ಸ್ಪರ್ಧೆಗೆ, ಹೋದಾಗ ಅವನ ಕೋಟು ಹೊಚ್ಚ ಹೊಸದು. ಬೆಳಗಾವಿಯ ಅಂಗಡಿಯ ಕನ್ನಡಿ ಮುಂದೆ ಮದುಮಗನಂತೆ ಕಂಡಿದ್ದ. ಕುದುರೆ ಹತ್ತಿ ಕೂತದ್ದೇ ತಡ, ಕೋಟಿನ ಹಿಂಭಾಗ ಅವನ ಅಡಿಗೇ ಸಿಕ್ಕಿಕೊಂಡಿತು. ಕಾಲರ್ ಕತ್ತಿನ ಹಿಂದೆ ಎದ್ದು ನಿಂತಿತು. ತೋಳು ಮುಂಗೈ ಬಿಟ್ಟು ಮೇಲೇರಿತು. ಹಿಂದಿನ ಸೀಳು ತೆರೆದುಕೊಳ್ಳದಂತೆ ಹಾಕಿದ್ದ ದಾರದ ಟಾಕಿಯನ್ನು ನಾವು ಯಾರೂ ಬಿಚ್ಚಿರಲೇ ಇಲ್ಲ!

ಆಮೇಲೆ ಎಷ್ಟೋ ಮನೆಯವರು ಇದೇ ತಪ್ಪು ಮಾಡುವುದನ್ನು ನೋಡಿದ್ದೇನೆ. ನಿಂತುಕೊಂಡು ಅಳತೆ ಕೊಡ್ತಾರೆ, ಕೂತು ಸವಾರಿ ಮಾಡ್ತಾರೆ. ದುಬಾರಿ ಬಟ್ಟೆಯೂ ಅಲ್ಲೇ ಕೆಡುತ್ತದೆ.

ಹಂತ 1: ನಿಯಮ ಓದಿ

ಶೋ ನಡೆಸುವವರು ಕೊಡುವ ಪ್ರಾಸ್ಪೆಕ್ಟಸ್‌ನಲ್ಲಿ ಉಡುಪಿನ ನಿಯಮ ಇರುತ್ತದೆ. ಸಾಮಾನ್ಯವಾಗಿ ಗಾಢ ಬಣ್ಣದ ಕೋಟು, ಬಿಳಿ ಅಥವಾ ಬಿಸ್ಕೆಟ್ ಬಣ್ಣದ ಬ್ರೀಚಸ್ (ಸವಾರಿಯ ಬಿಗಿ ಪ್ಯಾಂಟು), ಬಿಳಿ ಶರ್ಟು, ಬಿಳಿ ಟೈ, ಹೆಲ್ಮೆಟ್, ಬೂಟು. ಅದನ್ನು ಓದುವ ಮೊದಲು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಹಂತ 2: ಹೆಲ್ಮೆಟ್ ಮಾತ್ರ ಹೊಸದು

ಉಳಿದದ್ದೆಲ್ಲ ಹಳೆಯದಾದರೂ ನಡೆಯುತ್ತದೆ, ಇದೊಂದು ನಡೆಯುವುದಿಲ್ಲ. ಒಳಗಿನ ಥರ್ಮೋಕೋಲಿನಂಥ ಪದರ ಒಂದೇ ಪೆಟ್ಟಿಗೆ ಕುಗ್ಗಿ ಕೆಲಸ ಮುಗಿಸುತ್ತದೆ. ಹೊರಗೆ ಗೀರು ಕೂಡ ಕಾಣುವುದಿಲ್ಲ. ಬೇರೆಯವರ ಹೆಲ್ಮೆಟ್ ಎಷ್ಟು ಸಲ ಬಿದ್ದಿದೆಯೋ ನಿಮಗೇನು ಗೊತ್ತು? ಒಳಗೆ ಎಎಸ್‌ಟಿಎಂ ಎಫ್1163, ಪಿಎಎಸ್ 015 ಅಥವಾ ವಿಜಿ1 ಎಂಬ ಸುರಕ್ಷತಾ ಮಾನದಂಡದ ಗುರುತು ಇದೆಯೇ ನೋಡಿ. ಬೈಕಿನ ಹೆಲ್ಮೆಟ್ ಬೇಡವೇ ಬೇಡ. ಮಖಮಲ್ಲು ಹೊದಿಸಿದ, ಒಳಗೆ ಏನೂ ಇಲ್ಲದ ಟೋಪಿಗಳೂ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಅವು ನಾಟಕಕ್ಕೆ ಸರಿ. ಡ್ರೆಸಾಜ್ ಅಂದರೆ ಕುದುರೆಯನ್ನು ಶಿಸ್ತಿನ ಹೆಜ್ಜೆಯಲ್ಲಿ ನಡೆಸುವ ಸ್ಪರ್ಧೆ; ಅದರಲ್ಲಿ ಟಾಪ್ ಹ್ಯಾಟ್ ಹಾಕುತ್ತಿದ್ದ ಸವಾರರಿಗೂ ಕುದುರೆ ಸವಾರಿಯ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಇಐ 2021ರಿಂದ ಹೆಲ್ಮೆಟ್ ಕಡ್ಡಾಯ ಮಾಡಿದೆ.

ಉದ್ದ ಕೂದಲಿದ್ದರೆ ಶೋ ದಿನ ಹೇಗೆ ಕಟ್ಟುತ್ತೀರೋ ಹಾಗೇ ಕಟ್ಟಿಕೊಂಡು ಅಳತೆ ನೋಡಿ.

ಹಂತ 3: ಬ್ರೀಚಸ್

ಹಿಗ್ಗುವ ಬಟ್ಟೆಯದ್ದೇ ಕೊಳ್ಳಿ. ಟೆರಿಕಾಟ್‌ನಲ್ಲಿ ಮೈಗಂಟುವಂತೆ ಹೊಲಿಸಿದರೆ ರಿಕಾಪಿಗೆ (ಕುದುರೆಯ ಜೀನಿನಿಂದ ಇಳಿಬಿಟ್ಟ, ಪಾದ ಇಡುವ ಬಳೆಗೆ) ಕಾಲಿಡುವಾಗಲೇ ಹರಿಯುತ್ತದೆ. ಹಳೆಯ ಜೋಧಪುರಿ ಪ್ಯಾಂಟು ತೊಡೆಯ ಹತ್ತಿರ ಬಲೂನಿನಂತೆ ಇದ್ದದ್ದು ಇದಕ್ಕೇ. ಹಿಗ್ಗದ ಬಟ್ಟೆಯಲ್ಲಿ ಕಾಲು ಅಗಲಿಸಬೇಕಲ್ಲ!

ಬಿಳಿಗಿಂತ ಬಿಸ್ಕೆಟ್ ಬಣ್ಣವೇ ಒಳ್ಳೆಯದು, ನಿಯಮ ಒಪ್ಪಿದರೆ. ಬೆಳಗಾವಿಯ ಕೆಂಪು ಮಣ್ಣಾಗಲಿ, ವಿಜಯಪುರದ ಎರೆ ಮಣ್ಣಾಗಲಿ, ಬಿಳಿಗೆ ಹತ್ತಿದರೆ ಬಿಡುವುದಿಲ್ಲ. ಅಗ್ಗದ ಬಿಳಿ ಬ್ರೀಚಸ್‌ಗೆ ಇನ್ನೊಂದು ರೋಗ: ಬೆವರು ಹತ್ತಿದರೆ ಒಳಗಿನದೆಲ್ಲ ಕಾಣುತ್ತದೆ. ಕೊಳ್ಳುವಾಗ ಒಳಗೆ ಕೈ ಹಾಕಿ ಬಿಸಿಲಿಗೆ ಹಿಡಿಯಿರಿ. ಬೆರಳು ಎಣಿಸಲು ಬಂದರೆ ವಾಪಸ್ ಕೊಡಿ.

ಹಂತ 4: ಕೋಟು

ಎಲ್ಲರೂ ಎಡವುವುದು ಇಲ್ಲೇ. ಹೊಸ ರೈಡಿಂಗ್ ಕೋಟು ಕೊಳ್ಳಲೇಬೇಕು ಅಂತಿಲ್ಲ. ಮದುವೆಗೆ ಒಮ್ಮೆ ಹಾಕಿ ಟ್ರಂಕಿಗೆ ಸೇರಿದ ಬ್ಲೇಜರ್ ನಿಮ್ಮ ಬೀಗರ ಮನೆಯಲ್ಲಾದರೂ ಒಂದು ಇದ್ದೇ ಇರುತ್ತದೆ. ಕಡು ನೀಲಿ ಸಿಕ್ಕರೆ ಬಿಡಬೇಡಿ. ಕಪ್ಪಿನ ಮೇಲೆ ಧೂಳು ದೂರದಿಂದಲೇ ಕಾಣುತ್ತದೆ. ಹೊಳೆಯುವ ಬಟ್ಟೆ ಬೇಡ.

ಆರಿಸುವಾಗ ಭುಜ ಒಂದನ್ನೇ ನೋಡಿ. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯ ತುದಿಗೆ ಬಂದು ನಿಲ್ಲಬೇಕು. ಸೊಂಟ, ತೋಳು, ಉದ್ದ ಎಲ್ಲವನ್ನೂ ಟೇಲರ್ ಸರಿ ಮಾಡಬಹುದು. ಭುಜ ಬಿಚ್ಚಿಸಿದರೆ ಕೂಲಿಯೂ ಜಾಸ್ತಿ, ಕೋಟೂ ಕೆಡುತ್ತದೆ. "ಮಗು ಬೆಳೀತಾನೆ" ಅಂತ ಎರಡು ಸೈಜು ದೊಡ್ಡದು ತರಬೇಡಿ. ಅದರ ಬದಲು ತೋಳಿನ ಒಳಗೆ ಎರಡು ಇಂಚು ಬಟ್ಟೆ ಮಡಚಿಡಲು ಹೇಳಿ.

ಇನ್ನು ಟೇಲರ್ ಹತ್ತಿರ. ನಾನು ಹೋಗುವುದು ಬೆಳಗಾವಿಯ ಕ್ಯಾಂಪ್ ಕಡೆಗೆ, ಸಮವಸ್ತ್ರ ಹೊಲಿದು ಕೈ ಪಳಗಿದವರ ಬಳಿ. ಅಂಗಡಿಯ ಬೆಂಚಿನ ಮೇಲೆ ಎರಡೂ ಕಡೆ ಕಾಲು ಹಾಕಿ ಕೂರಿ. ಗುಂಡಿ ಎಲ್ಲ ಹಾಕಿ. ಲಗಾಮು ಹಿಡಿದಂತೆ ಕೈ ಮುಂದೆ ತನ್ನಿ. ಟೇಲರ್ ನಗುತ್ತಾರೆ, ನಗಲಿ. ಕೂತಾಗಲೇ ಸೀಮೆಸುಣ್ಣದ ಗುರುತು ಬೀಳಬೇಕು.

ತೋಳು: ಕೈ ಮುಂದೆ ಚಾಚಿದಾಗ ಮಣಿಕಟ್ಟಿಗೆ ಬರಬೇಕು, ಶರ್ಟಿನ ಅರ್ಧ ಇಂಚು ಮಾತ್ರ ಹೊರಗೆ ಕಾಣಬೇಕು. ನಿಂತಾಗ ಇದೇ ತೋಳು ಸ್ವಲ್ಪ ಉದ್ದ ಅನ್ನಿಸುತ್ತದೆ. ಆಗ "ಕಡಿಮೆ ಮಾಡಿ" ಅಂದರೆ ಕೆಲಸ ಕೆಟ್ಟಿತು.

ಹಿಂಭಾಗ: ಸೀಳಿನ ಟಾಕಿ ಬಿಚ್ಚಿ, ಎರಡು ಸೆರಗೂ ಜೀನಿನ ಆಚೀಚೆ ಇಳಿಯುತ್ತವೆಯೇ ನೋಡಿ. ಅಡಿಗೆ ಸಿಕ್ಕಿಕೊಂಡರೆ ಉದ್ದ ಕಡಿಮೆ ಮಾಡಿಸಿ. ಸೀಳೇ ಇಲ್ಲದ ಬ್ಲೇಜರ್ ಇದ್ದರೆ ಬೆನ್ನಿನ ನಡು ಹೊಲಿಗೆ ಬಿಚ್ಚಿ ಸೀಳು ಮಾಡಬಹುದು ಅಂತ ಕೆಲವರು ಹೇಳುತ್ತಾರೆ. ಆದರೆ ಒಳಗೆ ಮಡಚಲು ಬಟ್ಟೆಯೇ ಇರುವುದಿಲ್ಲ. ನಾನು ಮಾಡಿಸಿ ಕೈ ಸುಟ್ಟುಕೊಂಡಿದ್ದೇನೆ.

ಎದೆ: ಮದುವೆ ಬ್ಲೇಜರಿಗೆ ಎರಡೇ ಗುಂಡಿ, ಎದೆ ತೆರೆದಿರುತ್ತದೆ. ರೈಡಿಂಗ್ ಕೋಟಿನ ಗುಂಡಿ ಮೇಲಿನವರೆಗೆ ಬರುತ್ತದೆ. ಲ್ಯಾಪೆಲ್ಲಿನ (ಎದೆಯ ಮೇಲೆ ಹೊರಕ್ಕೆ ಮಡಚಿದ ಪಟ್ಟಿಯ) ಮಡಿಕೆಯನ್ನು ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿ ಮೇಲಕ್ಕೆ ಏರಿಸಿ, ಮೂರನೆಯ ಗುಂಡಿ ಹಾಕಿಸಬಹುದು. ಎಚ್ಚರ: ಅಗ್ಗದ ಬ್ಲೇಜರಿನ ಒಳಗೆ ಬಕ್ರಮ್ಮನ್ನು (ಗಟ್ಟಿತನ ಕೊಡುವ ಒಳಬಟ್ಟೆಯನ್ನು) ಹೊಲಿದಿರುವುದಿಲ್ಲ, ಅಂಟಿಸಿರುತ್ತಾರೆ. ಹಬೆ ತಾಗಿದರೆ ಅಂಟು ಬಿಟ್ಟು ಎದೆಯ ಮೇಲೆ ಹಪ್ಪಳದಂತೆ ಗುಳ್ಳೆ ಏಳುತ್ತವೆ. ಮೊದಲು ಒಳಗಿನ ಮೂಲೆಯಲ್ಲಿ ಇಸ್ತ್ರಿ ಇಟ್ಟು ನೋಡಲು ಹೇಳಿ.

ಸೊಂಟವನ್ನು ಕೊನೆಗೆ ಬಿಗಿ ಮಾಡಿಸಿ. ಮೊದಲು ಕಚ್ಚಾ ಹೊಲಿಗೆ, ಮತ್ತೆ ಬೆಂಚು, ಬದಿಯಿಂದ ಮತ್ತು ಹಿಂದಿನಿಂದ ಮೊಬೈಲಿನಲ್ಲಿ ಒಂದೊಂದು ಫೋಟೋ, ಆಮೇಲೆ ಪಕ್ಕಾ ಹೊಲಿಗೆ. ಹೋದ ಸಲ ಇಷ್ಟಕ್ಕೆಲ್ಲ ನಾನು ಕೊಟ್ಟದ್ದು 650 ರೂಪಾಯಿ, ಎರಡು ಕಪ್ ಚಹಾ.

ಹಂತ 5: ಶರ್ಟು, ಟೈ, ಕೈಗವಸು

ಶಾಲೆಯ ಬಿಳಿ ಶರ್ಟೇ ಸಾಕು, ಆದರೆ ಇಸ್ತ್ರಿ ಸರಿ ಇರಲಿ. ಬಿಸಿಲು ಜಾಸ್ತಿಯಾದರೆ ಕೋಟು ತೆಗೆಯಲು ತೀರ್ಪುಗಾರರು ಅನುಮತಿ ಕೊಡುವುದುಂಟು. ಸ್ಟಾಕ್ ಟೈಗೆ (ಕತ್ತಿಗೆ ಸುತ್ತಿ ಕಟ್ಟುವ ಬಿಳಿ ಪಟ್ಟಿಗೆ) ಪಿನ್ನು ಹಾಕುವುದಾದರೆ ಅಡ್ಡಡ್ಡ ಹಾಕಿ. ನೆಟ್ಟಗೆ ಹಾಕಿ ಬಿದ್ದರೆ ಗಂಟಲಿಗೆ ಚುಚ್ಚೀತು. ಬ್ಯಾಂಡಿನವರ ಬಿಳಿ ಹತ್ತಿ ಕೈಗವಸು ಲಗಾಮಿನ ಮೇಲೆ ಜಾರುತ್ತದೆ. ಅಂಗೈಗೆ ರಬ್ಬರ್ ಚುಕ್ಕಿ ಇರುವುದನ್ನು ತಗೊಳ್ಳಿ.

ಹಂತ 6: ಬೂಟು

ಉದ್ದ ಬೂಟಿನ ಬೆಲೆ ಕೇಳಿ ಗಾಬರಿ ಆಗಬೇಡಿ. ಗಿಡ್ಡ ಬೂಟು, ಅದೇ ಬಣ್ಣದ ಚರ್ಮದ ಹಾಫ್ ಚಾಪ್ಸ್ (ಕಣಕಾಲಿನಿಂದ ಮೊಣಕಾಲಿನ ಕೆಳಗಿನವರೆಗೆ ತೊಡುವ ಕವಚ) ಒಪ್ಪುತ್ತಾರೆಯೇ ಎಂದು ನಿಯಮ ನೋಡಿ. ಒಪ್ಪಿದರೆ ಹೊಲಿಸಿಬಿಡಿ. ಅಥಣಿ, ನಿಪ್ಪಾಣಿಯ ಕಡೆ ಚಪ್ಪಲಿ ಮಾಡುವವರ ಕೈಚಳಕಕ್ಕೆ ಸಾಟಿ ಇಲ್ಲ. ಆದರೆ ಚಪ್ಪಲಿಯ ದಪ್ಪ ಚರ್ಮದಲ್ಲಿ ಚಾಪ್ಸ್ ಹೊಲಿಸಿದರೆ ಮೊಣಕಾಲು ಮಡಚಲು ಬರುವುದಿಲ್ಲ. ಬ್ಯಾಗಿಗೆ ಬಳಸುವ ಮೆತ್ತನೆ ಚರ್ಮ ನೀವೇ ಒಯ್ದು ಕೊಡಿ.

ಅಳತೆ ಇಲ್ಲೂ ಕೂತೇ. ಬ್ರೀಚಸ್ ಹಾಕಿಕೊಂಡು, ಮೊಣಕಾಲು ಮಡಚಿ, ಮೀನಖಂಡದ ದಪ್ಪ ಭಾಗದ ಸುತ್ತಳತೆ ತೆಗೆಸಿ. ಎತ್ತರಕ್ಕೆ ಅರ್ಧ ಇಂಚು ಜಾಸ್ತಿ ಇಡಿಸಿ. ಚರ್ಮ ಹದಕ್ಕೆ ಬಂದಂತೆ ಕಣಕಾಲಿನ ಹತ್ತಿರ ಸುಕ್ಕುಬಿದ್ದು ಕೆಳಗಿಳಿಯುತ್ತದೆ. ಗಟ್ಟಿ ಜಿಪ್ ಹಾಕಿಸಿ. ಪದೇ ಪದೇ ಕೈಕೊಡುವುದು ಅದರ ರನ್ನರ್ರೇ.

ಬೂಟಿಗೆ ಸುಮಾರು ಒಂದು ಇಂಚು ಹಿಮ್ಮಡಿ ಇರಲೇಬೇಕು. ಚಪ್ಪಟೆ ಸ್ಪೋರ್ಟ್ಸ್ ಶೂ ಆದರೆ ಪಾದ ರಿಕಾಪಿನೊಳಗೆ ತೂರಿ ಸಿಕ್ಕಿಕೊಳ್ಳುತ್ತದೆ. ಅಡಿಯಲ್ಲಿ ಆಳದ ಗೀರುಗಳಿರುವ ಪರೇಡ್ ಬೂಟೂ ಬೇಡ. ಸ್ಪಂಜಿನ ಲಿಕ್ವಿಡ್ ಪಾಲಿಶ್ ನನಗೆ ಆಗುವುದೇ ಇಲ್ಲ. ಎರಡು ತಿಂಗಳಲ್ಲಿ ಪದರ ಬಿರಿಯುತ್ತದೆ. ಡಬ್ಬಿ ಪಾಲಿಶ್ ಹಚ್ಚಿ, ಅದೂ ಹೊರಬದಿಗೆ ಮಾತ್ರ. ಒಳಬದಿಗೆ ಹಚ್ಚಿದರೆ ಬಣ್ಣವೆಲ್ಲ ಜೀನಿಗೆ.

ಶೋ ದಿನ

ಬ್ರೀಚಸ್ ಮೇಲೆ ಹಳೆ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡೇ ಇರಿ. ಹುಲ್ಲು ಮೆದ್ದ ಕುದುರೆಯ ಹಸಿರು ಜೊಲ್ಲು ಯಾರ ಮೇಲೆ ಬೀಳುತ್ತದೋ ಹೇಳಲಾಗದು. ಕೋಟಿಗೆ ಅಂಟಿದ ಕೂದಲು ತೆಗೆಯಲು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಒದ್ದೆ ಮಾಡಿ ಒಂದೇ ದಿಕ್ಕಿಗೆ ಸವರಿ. ನಿಮ್ಮ ಸರದಿಗೆ ಮೊದಲು ಟ್ರ್ಯಾಕ್ ಪ್ಯಾಂಟು ತೆಗೆದು, ಬೂಟಿನ ಅಡಿಯ ಕೆಸರು ಒರೆಸಿ, ಆಮೇಲೆ ಹತ್ತಿ. ಕೂತ ಮೇಲೆ ಕೋಟಿನ ಸೆರಗನ್ನು ಹಿಂದಿನಿಂದ ಯಾರಾದರೂ ಒಮ್ಮೆ ಎಳೆದು ಬಿಡಲಿ.